ಮಾತು ಕೇಳದ ಹುಡುಗಿ

ಮೂರನೇ ಇಯತ್ತೆಯ ವರ್ಗಶಿಕ್ಷಕಿ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, ಕೊನೆಯ ಸಾಲಿನಲ್ಲಿ ಕಿಟಕಿಯ ಪಕ್ಕ ಕೂತಿದ್ದ ಹುಡುಗಿಯನ್ನು ಕಣ್ಣಿನಲ್ಲೇ ತೋರಿಸಿದರು. ಎರಡು ಜಡೆ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದದ್ದು. ಎಲ್ಲರೂ ಗದ್ದಲ ಮಾಡುತ್ತಿದ್ದಾಗ ಅವಳೊಬ್ಬಳು ಸುಮ್ಮನೆ ಇತರರ ಮುಖಗಳನ್ನು ನೋಡುತ್ತಿದ್ದಳು. ಶಿಕ್ಷಕಿ ದನಿ ತಗ್ಗಿಸಿ, "ಗತಿಮಂದ" ಅಂದರು. ಬುದ್ಧಿ ಬೆಳವಣಿಗೆ ಹಿಂದುಳಿದ ಮಕ್ಕಳಿಗೆ ಮರಾಠಿಯಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವ ಪದ ಅದು. ಈಗ ಸರಕಾರಿ ಕಾಗದಗಳಲ್ಲಿ 'ಬೌದ್ಧಿಕ ಅಕ್ಷಮತೆ' ಎಂದು ಬರೆಯುತ್ತೇವೆ. ಪದ ಬದಲಾಗಿದೆ; ಅದನ್ನು ಹೇಳುವಾಗ ದನಿ ತಗ್ಗಿಸುವುದು ಮಾತ್ರ ಹಾಗೇ ಉಳಿದಿದೆ.

ಇದು ಪುಣೆಯ ಧನಕವಡಿಯ ಒಂದು ಮರಾಠಿ ಮಾಧ್ಯಮದ ಶಾಲೆ. ನಾನು ಅಲ್ಲಿಗೆ ವಾರಕ್ಕೊಮ್ಮೆ ಹೋಗುವ ವಿಶೇಷ ಶಿಕ್ಷಕಿ. ನಮ್ಮ ಕಚೇರಿಗೆ ಶಹರ ಸಾಧನ ಕೇಂದ್ರ ಎಂದು ಹೆಸರು. ಊರಿನ ಒಂದು ಭಾಗದ ಶಾಲೆಗಳ ತರಬೇತಿ, ಪಠ್ಯಪುಸ್ತಕ, ಅಂಕಿಸಂಖ್ಯೆ ಎಲ್ಲ ಅದರ ಮೂಲಕವೇ ಓಡಾಡುತ್ತವೆ. ಕಣ್ಣು, ಕಿವಿ, ಕೈಕಾಲು, ಬುದ್ಧಿ, ಯಾವುದರಲ್ಲಾದರೂ ತೊಂದರೆ ಇರುವ ಮಕ್ಕಳು ಬೇರೆ ಶಾಲೆಗೆ ಹೋಗದೆ ಉಳಿದವರ ನಡುವೆಯೇ ಕೂತು ಕಲಿಯಬೇಕು ಎಂಬುದು ಈಗಿನ ನೀತಿ. ಅದಕ್ಕೆ ಸಮಾವೇಶಿ ಶಿಕ್ಷಣ ಎನ್ನುತ್ತಾರೆ. ಅಂಥ ಮಕ್ಕಳನ್ನು ಗುರುತಿಸುವುದು, ತಪಾಸಣೆ ಮಾಡಿಸುವುದು, ಶಿಕ್ಷಕರಿಗೆ ದಾರಿ ಹೇಳುವುದು ನನ್ನ ಕೆಲಸ. ಕರಾರಿನ ನೌಕರಿ, ಪ್ರತಿ ವರ್ಷ ಹೊಸದಾಗಿ ಆದೇಶ ಬರಬೇಕು.

ಶಿಕ್ಷಕಿ ಕೆಟ್ಟವರಾಗಿರಲಿಲ್ಲ. ತುಂಬಿದ ವರ್ಗ, ಪಕ್ಕದಲ್ಲೇ ಕಾತ್ರಜ್ ಕಡೆಯ ವಾಹನಗಳ ರಸ್ತೆ, ತಲೆಯ ಮೇಲೆ ಸದ್ದು ಮಾಡುವ ಪಂಖಾಗಳು. ಹುಡುಗಿ ಹಲಗೆಯ ಮೇಲೆ ಬರೆದದ್ದನ್ನು ಮುತ್ತಿನಂಥ ಅಕ್ಷರದಲ್ಲಿ ನಕಲು ಮಾಡುತ್ತಾಳೆ, ಉಕ್ತಲೇಖನ ಕೊಟ್ಟರೆ ಒಂದು ಪದವನ್ನೂ ಬರೆಯುವುದಿಲ್ಲ ಎಂದು ಅವರು ವಿವರಿಸಿದರು. ಕರೆದರೆ ಪಕ್ಕದವರು ಮೊಳಕೈಯಿಂದ ತಿವಿದ ಮೇಲೆ ಏಳುತ್ತಾಳೆ. ಪ್ರಶ್ನೆ ಕೇಳಿದರೆ ನಗುತ್ತಾಳೆ. "ಐಕತ್ ನಾಹೀ," ಅಂದರು ಕೊನೆಗೆ. ಮಾತು ಕೇಳುವುದಿಲ್ಲ, ಹಟಮಾರಿ, ಎಂಬ ಅರ್ಥದಲ್ಲಿ. ನಾನೂ ಅದೇ ಅರ್ಥದಲ್ಲಿ ತೆಗೆದುಕೊಂಡೆ.

ಕೆಲವು ದಿನಗಳಲ್ಲಿ ನಮ್ಮ ವಿಭಾಗದ ತಪಾಸಣೆ ಶಿಬಿರ ಬಂತು. ಇಂಥ ಶಿಬಿರದಲ್ಲಿ ಮೊದಲು ಕಣ್ಣು, ಆಮೇಲೆ ಕಿವಿ, ಕೊನೆಗೆ ಬುದ್ಧಿಯ ಪರೀಕ್ಷೆ ಆಗಬೇಕು. ನೋಡಲು ಕೇಳಲು ಬಾರದ ಮಗುವಿನ ಬುದ್ಧಿಯನ್ನು ಅಳೆದರೆ ಅಳತೆ ತಪ್ಪುತ್ತದೆ, ಅದಕ್ಕೆ ಈ ಕ್ರಮ. ಆದರೆ ಆವತ್ತು ಕಿವಿಯ ತಜ್ಞರು ಬರಲಿಲ್ಲ. ಶಾಲೆಯಿಂದ ಮೊದಲೇ ತುಂಬಿ ಬಂದಿದ್ದ ಪ್ರಶ್ನೆಗಳಲ್ಲಿ 'ಕರೆದರೆ ಓಗೊಡುತ್ತದೆಯೇ' ಎಂಬುದಕ್ಕೆ 'ಹೌದು' ಎಂದಿದ್ದ ಮಕ್ಕಳನ್ನೆಲ್ಲ ಮುಂದಿನ ಮೇಜಿಗೆ ದಾಟಿಸಿದರು. ತಿವಿದ ಮೇಲಾದರೂ ಏಳುತ್ತಾಳಲ್ಲ ಎಂದು ಇವಳಿಗೂ 'ಹೌದು' ಎಂದೇ ತುಂಬಿದ್ದರು. ಆ ಮೇಜಿನಲ್ಲಿದ್ದ ಮನಶ್ಶಾಸ್ತ್ರಜ್ಞರು ತಾಳ್ಮೆಯ ಮನುಷ್ಯ, ಆದರೆ ಎದುರಿನ ಸಾಲು ಕೋಣೆಯ ಹೊರಗಿನವರೆಗೆ ಇತ್ತು. ಹುಡುಗಿಗೆ ಮರಾಠಿಯಲ್ಲಿ ಕೇಳಿದರು. ಅವಳು ನಕ್ಕಳು. ಇನ್ನೊಮ್ಮೆ ಕೇಳಿದರು. ನೆಲ ನೋಡಿದಳು. ಮಧ್ಯಮ ಪ್ರಮಾಣದ ಬೌದ್ಧಿಕ ಅಕ್ಷಮತೆ ಇರಬಹುದು ಎಂಬ ಷರಾ ಆಯಿತು. ಅದರ ಕೆಳಗೆ ವಿಶೇಷ ಶಿಕ್ಷಕಿಯ ಸಹಿಯೂ ಬೇಕು.

ಸಹಿ ಆಮೇಲೆ ಮಾಡೋಣ ಎಂದು ನಾನು ಚಹಾಕ್ಕೆ ಹೊರಗೆ ಬಂದಾಗ ಅಂಗಳದಲ್ಲಿ ಅವಳ ತಾಯಿ ಮಗಳ ಎದುರಿಗೆ ಕುಕ್ಕರಗಾಲಲ್ಲಿ ಕೂತು, ಮುಖಕ್ಕೆ ಮುಖ ಕೊಟ್ಟು ಮಾತಾಡುತ್ತಿದ್ದಳು. "ಏನ ಕೇಳಿದ್ರವ್ವಾ? ನೀ ಏನ ಹೇಳ್ದಿ?"

ಕನ್ನಡ. ಅದೂ ವಿಜಾಪುರದ ಕಡೆಯ ಕನ್ನಡ. ನಾನು ಧಾರವಾಡದವಳು, ಪುಣೆಗೆ ಬಂದ ಮೇಲೆ ಮನೆಯ ಹೊಸ್ತಿಲು ದಾಟಿದರೆ ಬಾಯಲ್ಲಿ ಬರುವುದು ಮರಾಠಿಯೇ. ಹತ್ತಿರ ಹೋಗಿ ಯಾವ ಊರು ಎಂದು ಕೇಳಿದೆ. ತಾಯಿ ಗಾಬರಿಯಿಂದ ಎದ್ದು ನಿಂತು, ಆಮೇಲೆ ನನ್ನ ಕನ್ನಡ ಗುರುತಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು. ಇಂಡಿ ತಾಲೂಕಿನವರು. ಗಂಡ ಕುರಕುಂಭದ ರಾಸಾಯನಿಕ ಕಾರಖಾನೆಗಳಿಂದ ಗುಜರಾತಿನ ಕಡೆ ಟ್ಯಾಂಕರ್ ಹೊಡೆಯುತ್ತಾನೆ. ಮೊದಲು ಕುರಕುಂಭದಲ್ಲೇ ಇದ್ದರು. ತನ್ನ ಅಣ್ಣ ಇಲ್ಲಿದ್ದಾನೆಂದು ಹೋದ ವರ್ಷ ಧನಕವಡಿಗೆ ಬಂದಿದ್ದಾರೆ. ಮಗಳು ಮನೆಯಲ್ಲಿ ಆಡುವುದು ಕನ್ನಡ ಮಾತ್ರ.

ನನಗೆ ಒಮ್ಮೆಲೇ ಎಲ್ಲ ತಿಳಿದಂತಾಯಿತು. ಭಾಷೆ ಬಾರದ ಮಗುವನ್ನು ಬುದ್ಧಿ ಇಲ್ಲದ ಮಗು ಎಂದು ಬರೆದಿದ್ದಾರೆ. ಸಹಿ ಮಾಡದೆ ಆ ಕಾಗದವನ್ನು ಚೀಲದಲ್ಲಿ ಹಾಕಿಕೊಂಡೆ.

ಮರುದಿನ ಅವರ ಮನೆಗೆ ಹೋದೆ. ಒಂದೇ ಕೋಣೆ, ಗೋಡೆಗೆ ಒಲೆಯ ಕಟ್ಟೆ. ತಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಚಾಪೆ ಹಾಸಿದಳು. ಹುಡುಗಿ ನನ್ನ ಎದುರಿಗೇ ಚಕ್ಕಳಮಕ್ಕಳ ಹಾಕಿ ಕೂತಳು. ನಾನು ಕನ್ನಡದಲ್ಲಿ ಅಪ್ಪನ ಗಾಡಿಯ ಬಗ್ಗೆ ಕೇಳಿದೆ. ಅವಳು ಮೊದಲು ನನ್ನ ಬಾಯಿಯನ್ನೇ ನೋಡಿ, ಆಮೇಲೆ ಮಾತು ಶುರು ಮಾಡಿದಳು. ಗಾಡಿಯ ತಲೆಯ ಮೇಲೆ ದುಂಡನೆಯ ಮುಚ್ಚಳ ಇದೆ, ಅದನ್ನು ತೆಗೆದರೆ ಕಣ್ಣು ಉರಿಯುತ್ತದೆ, ಹಿಂದೆ ತಲೆಬುರುಡೆಯ ಚಿತ್ರ ಇದೆ ಎಂದೆಲ್ಲ ಹೇಳಿದಳು. ಆ ಚಿತ್ರ ಯಾಕೆ ಎಂದೆ.

"ಓದಾಕ ಬರದವರಿಗ್ರಿ," ಅಂದಳು. "ಅವ್ರಿಗೂ ಹೆದರಿಕಿ ಬರಬೇಕಲ್ರಿ."

ಎಂಟು ವರ್ಷದ ಮಗು ಹೇಳುವ ಮಾತು ಇದು. ಆಕಾರದ ತುಂಡುಗಳನ್ನು ಮರದ ಹಲಗೆಯ ಗುಂಡಿಗಳಲ್ಲಿ ಕೂರಿಸುವ ಪರೀಕ್ಷೆ ಕೊಟ್ಟೆ, ಚಕಚಕನೆ ಮುಗಿಸಿದಳು. ಮನುಷ್ಯನ ಚಿತ್ರ ಬರೆಸಿದೆ. ಬೆರಳಿಗೆ ಉಗುರು ಸಹ ಬರೆದಳು. ತಾಯಿ ರೊಟ್ಟಿ ತಿನ್ನದೆ ಹೋಗಬಾರದು ಎಂದಳು. ಪುಂಡಿಪಲ್ಲೆ, ಬಿಸಿ ರೊಟ್ಟಿ ತಿಂದು, ಗೆದ್ದವಳ ಹಾಗೆ ಬಸ್ಸು ಹತ್ತಿದೆ.

ನಮ್ಮ ಕೇಂದ್ರದ ಸಮನ್ವಯಕರಿಗೆ ವಿಷಯ ಹೇಳಿದಾಗ ಅವರು ಕಂಪ್ಯೂಟರಿನಿಂದ ಮುಖ ಎತ್ತಲಿಲ್ಲ. ಶಿಬಿರದ ಮಾಹಿತಿಯನ್ನು ಆ ತಿಂಗಳೊಳಗೆ ಮೇಲಕ್ಕೆ ಕಳಿಸಬೇಕಿತ್ತು. ಪರದೆಯ ಮೇಲಿನ ನಮೂನೆಯಲ್ಲಿ ಪ್ರತಿ ಮಗುವಿನ ಎದುರಿಗೆ ಅಕ್ಷಮತೆಯ ಪ್ರಕಾರಗಳ ಪಟ್ಟಿ ತೆರೆದುಕೊಳ್ಳುತ್ತದೆ. ಅದರಲ್ಲಿ ಒಂದನ್ನು ಆರಿಸಬೇಕು. 'ಇನ್ನೂ ಗೊತ್ತಿಲ್ಲ' ಎಂಬ ಆಯ್ಕೆ ಅಲ್ಲಿ ಇರಲಿಲ್ಲ. ಈಗ ಬೌದ್ಧಿಕ ಎಂದು ಹಾಕೋಣ, ಮುಂದೆ ಬೇಕಾದರೆ ತಿದ್ದೋಣ ಎಂದರು. ಅವರಿಗೂ ಮೇಲಿನಿಂದ ಫೋನಿನ ಮೇಲೆ ಫೋನು. ಆದರೆ ಒಮ್ಮೆ ಹೆಸರಿನ ಮುಂದೆ ಬಿದ್ದ ಪದ ಮಗುವಿನ ಜೊತೆ ಶಾಲೆಯಿಂದ ಶಾಲೆಗೆ ಹೋಗುವುದನ್ನು ನಾನು ನೋಡಿದ್ದೇನೆ. ಹೊಸ ಶಾಲೆಯವರು ಮೊದಲು ಪದವನ್ನು ಓದುತ್ತಾರೆ, ಆಮೇಲೆ ಮಗುವನ್ನು ನೋಡುತ್ತಾರೆ. ಟ್ಯಾಂಕರ್ ಡ್ರೈವರನ ಮನೆ ಇನ್ನೆಷ್ಟು ಸಲ ಬದಲಾಗುತ್ತದೋ.

"ಸಹಿ ಮಾಡುವುದಿಲ್ಲ ಸರ್," ಎಂದೆ ಮರಾಠಿಯಲ್ಲಿ. "ಮಗುವಿಗೆ ಬಾರದ ಭಾಷೆಯಲ್ಲಿ ಮಾಡಿದ ಪರೀಕ್ಷೆ ಇದು."

ಸಾಯಂಕಾಲದೊಳಗೆ ಲಿಖಿತ ಖುಲಾಸೆ, ಎಂದರೆ ಯಾಕೆ ಹೀಗೆ ಮಾಡಿದೆ ಎಂಬ ವಿವರಣೆ, ಕೊಡಲು ಆದೇಶ ಬಂತು. ಕರಾರಿನವರಿಗೆ ಖುಲಾಸೆ ಎಂಬ ಪದ ಸಣ್ಣದಲ್ಲ. ಬರೆದುಕೊಟ್ಟೆ, ಮತ್ತು ಕನ್ನಡದಲ್ಲಿ ಮರುಪರೀಕ್ಷೆ ಆಗಲಿ ಎಂದು ವಿನಂತಿಯನ್ನೂ ಸೇರಿಸಿದೆ. ಮನಶ್ಶಾಸ್ತ್ರಜ್ಞರು ದೊಡ್ಡ ಮನಸ್ಸಿನಿಂದ ಒಪ್ಪಿದರು. ದುಭಾಷಿಯಾಗಿ ನಾನೇ ಕೂರಬೇಕು, ಆದರೆ ನಿಯಮದ ಪ್ರಕಾರ ಮಗುವಿನ ಪಕ್ಕದಲ್ಲಿ, ಸ್ವಲ್ಪ ಹಿಂದೆ ಕೂರಬೇಕು ಎಂದರು. ದುಭಾಷಿಯ ಮುಖ ಕಂಡರೆ ಉತ್ತರದ ಸುಳಿವು ಸಿಗುತ್ತದೆ. ನ್ಯಾಯವಾದ ನಿಯಮ. ನಾನು ಸಂತೋಷದಿಂದ ಹೂಂ ಅಂದೆ.

ಮರುಪರೀಕ್ಷೆಯ ದಿನ ಬಂತು. ಸಾಧನ ಕೇಂದ್ರದ ಕೋಣೆ, ಪಂಖಾ, ಹೊರಗೆ ತರಬೇತಿಗೆ ಬಂದ ಶಿಕ್ಷಕರ ಗದ್ದಲ. ಮನಶ್ಶಾಸ್ತ್ರಜ್ಞರು ಮರಾಠಿಯಲ್ಲಿ ಕೇಳಿದ್ದನ್ನು ನಾನು ಅವಳ ಹೆಗಲ ಹಿಂದಿನಿಂದ ಕನ್ನಡದಲ್ಲಿ ಹೇಳಿದೆ. ಅವಳು ನಕ್ಕಳು. ಮತ್ತೆ ಹೇಳಿದೆ. ನೆಲ ನೋಡಿದಳು. 'ಮಳೆ ಬಂದರೆ ಏನು ಮಾಡುತ್ತೀ' ಎಂಬ ಪ್ರಶ್ನೆಗೆ ಬಹಳ ಹೊತ್ತಿನ ಮೇಲೆ ತನ್ನ ಹೆಸರು ಹೇಳಿದಳು. ನನ್ನ ಭಾಷೆಯಲ್ಲಿ, ನನ್ನದೇ ದನಿಯಲ್ಲಿ ಕೇಳಿದ ಪ್ರಶ್ನೆಗಳಿಗೆ ಒಂದಕ್ಕೂ ಉತ್ತರ ಬರಲಿಲ್ಲ. ಚಿತ್ರ ಜೋಡಿಸುವ ಭಾಗವನ್ನು ಮಾತ್ರ ಚೆನ್ನಾಗಿ ಮಾಡಿದಳು. ಮನಶ್ಶಾಸ್ತ್ರಜ್ಞರು ಅದನ್ನು ಎರಡು ಸಲ ನೋಡಿ, ಇದು ಹೊಂದುತ್ತಿಲ್ಲ ಎಂದು ಗೊಣಗಿದರು. ಆದರೂ ಒಟ್ಟು ಫಲ ಮೊದಲಿನಷ್ಟೇ ಬಂತು. ಸಮನ್ವಯಕರು ನನ್ನನ್ನು ಬೈಯಲಿಲ್ಲ. "ಭಾಷೆಯ ಮೇಲಿನ ಪ್ರೀತಿ ಬೇರೆ, ಕೆಲಸ ಬೇರೆ, ಮ್ಯಾಡಮ್," ಎಂದಷ್ಟೇ ಹೇಳಿ, ನಾಳೆ ಸಹಿ ಮಾಡಿ ತನ್ನಿ ಎಂದರು.

ತಾಯಿ ಮಗಳನ್ನು ಬಸ್ಸಿಗೆ ಬಿಡಲು ಜೊತೆಗೆ ನಡೆದೆ. ಏನು ಹೇಳಬೇಕೋ ತಿಳಿಯದೆ, ಅವರು ಏನು ಬರೆಯುತ್ತಾರೆ ಎಂಬುದನ್ನು ಇದ್ದ ಹಾಗೆ ತಾಯಿಗೆ ಹೇಳಿದೆ. ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಅಳಲಿಲ್ಲ.

"ಬರದ್ರ ಬರೀಲಿ ಬಿಡ್ರಿ ಅಕ್ಕಾರ," ಅಂದಳು. "ಬುದ್ಧಿ ಕಡಿಮಿ ಐತಿ ಅಂತ ಸರಕಾರದವ್ರ ಹೇಳಿದ್ರ, ಅವರು ಬಡಿಯೂದರ ಬಿಡ್ತಾರ."

ಅವರು ಎಂದರೆ ಗಂಡ. ಟ್ಯಾಂಕರಿನಿಂದ ಇಳಿದು ಮನೆಗೆ ಬಂದಾಗ ಕರೆದರೆ ಬರುವುದಿಲ್ಲ, ಹೇಳಿದ ಕೆಲಸ ಮಾಡುವುದಿಲ್ಲ ಎಂದು ಮಗಳ ಮೇಲೆ ಕೈ ಮಾಡುತ್ತಾನೆ. ಕುಡುಕನಲ್ಲ, ದುಷ್ಟನಲ್ಲ; ಮಗಳು ತನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂಬ ಸಿಟ್ಟು. ಆ ಪದ ಮಗಳ ಬೆನ್ನನ್ನು ಕಾಯುವುದಾದರೆ ತಾಯಿಗೆ ಅದು ಬೇಕಾಗಿತ್ತು. ಹಾಗಾದರೆ ಸಹಿ ಮಾಡಿಬಿಡಲೇ ಎಂದು ನಿಜವಾಗಿಯೂ ಯೋಚಿಸಿದೆ.

ಹುಡುಗಿ ನಮಗಿಂತ ಸ್ವಲ್ಪ ಮುಂದೆ ರಸ್ತೆಯ ಅಂಚಿನಲ್ಲಿ ನಡೆಯುತ್ತಿದ್ದಳು. ಹಿಂದಿನಿಂದ ಬಸ್ಸು ಬರುತ್ತಿತ್ತು, ಹಾರ್ನ್ ಹೊಡೆಯುತ್ತಲೇ. ತಾಯಿ ಅವಳ ಹೆಸರು ಹಿಡಿದು ಕೂಗಿದಳು. ಹುಡುಗಿ ತಿರುಗಲಿಲ್ಲ. ಇನ್ನೊಮ್ಮೆ ಕೂಗಿದಳು. ಆಮೇಲೆ ಓಡಿಹೋಗಿ ರಟ್ಟೆ ಹಿಡಿದು ಒಳಗೆ ಎಳೆದುಕೊಂಡಳು. ಹುಡುಗಿ ಬೆಚ್ಚಿ ತಾಯಿಯ ಮುಖ ನೋಡಿದಳು.

"ನೋಡ್ರಿ ಅಕ್ಕಾರ," ಅಂದಳು ತಾಯಿ, ಏದುಸಿರು ಬಿಡುತ್ತ. "ಹಿಂಗ ಮಾತ ಕೇಳಂಗಿಲ್ಲ ನೋಡ್ರಿ ಇಕಿ."

ಮಾತು ಕೇಳುವುದಿಲ್ಲ. ವರ್ಗಶಿಕ್ಷಕಿ ಮರಾಠಿಯಲ್ಲಿ ಹೇಳಿದ್ದೂ ಇದನ್ನೇ. ಎರಡೂ ಭಾಷೆಗಳಲ್ಲಿ ಆ ಮಾತಿಗೆ ಎರಡು ಅರ್ಥ, ಮತ್ತು ನಾವೆಲ್ಲರೂ ಒಂದೇ ಅರ್ಥಕ್ಕೆ ಅಂಟಿಕೊಂಡಿದ್ದೆವು. ಮನೆಯಲ್ಲಿ ನಾನು ಎದುರಿಗೆ ಕೂತಿದ್ದೆ. ಅವಳು ನನ್ನ ಬಾಯಿ ನೋಡುತ್ತಿದ್ದಳು. ಇವತ್ತು ನಾನು ಹಿಂದೆ ಕೂತಿದ್ದೆ. ಅಲ್ಲೇ ರಸ್ತೆಯ ಬದಿಯಲ್ಲಿ ತಾಯಿಯನ್ನು ಕೇಳಿದೆ, ಇವಳ ಕಿವಿಗೆ ಏನಾದರೂ ಆಗಿತ್ತೇ ಎಂದು. ಏನಿಲ್ಲ ಎಂದಳು. ಆಮೇಲೆ, ಅದೇನು ದೊಡ್ಡದಲ್ಲ ಎನ್ನುವ ಹಾಗೆ, ಚಿಕ್ಕಂದಿನಿಂದ ನೆಗಡಿಯಾದಾಗ ಕಿವಿ ಸೋರುತ್ತದೆ, ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಬಿಟ್ಟರೆ ನಿಲ್ಲುತ್ತದೆ ಎಂದು ಸೇರಿಸಿದಳು.

ಒಮ್ಮೆ ಎಡವಿದ್ದರಿಂದ ಈ ಸಲ ಅವಸರ ಮಾಡಲಿಲ್ಲ. ಮರುದಿನ ಶಾಲೆಯ ಗ್ರಂಥಾಲಯದ ಕೋಣೆಯಲ್ಲಿ, ಕಿಟಕಿ ಮುಚ್ಚಿ, ಪಂಖಾ ಆರಿಸಿ, ಅವಳ ಮುಂದೆ ಮೂರು ಚಿತ್ರ ಇಟ್ಟೆ: ಹಾಲು, ಕಾಲು, ಬಾಲ. ಎದುರು ಕೂತು ಹೇಳಿದಾಗ ಒಂದೂ ತಪ್ಪದೆ ಮುಟ್ಟಿ ತೋರಿಸಿದಳು. ಬಾಯಿಗೆ ರಟ್ಟು ಅಡ್ಡ ಹಿಡಿದು ಹೇಳಿದೆ, ತಡವರಿಸಿದಳು. ಬೆನ್ನ ಹಿಂದೆ ಹೋಗಿ ಮಾಮೂಲಿ ದನಿಯಲ್ಲಿ ಹೇಳಿದೆ. ಅವಳು ಚಿತ್ರಗಳನ್ನು ನೋಡುತ್ತ ಸುಮ್ಮನೆ ಕೂತೇ ಇದ್ದಳು. ಯಾರೋ ಮಾತಾಡಿದ್ದಾರೆ ಎಂಬುದೇ ಅವಳಿಗೆ ತಿಳಿದಿರಲಿಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ವರ್ಗಶಿಕ್ಷಕಿ ಒಳಗೆ ಬಂದು, ತಾವೂ ಒಮ್ಮೆ ಹಿಂದಿನಿಂದ ಅವಳ ಹೆಸರು ಕರೆದರು. ಆಮೇಲೆ ಕುರ್ಚಿಯ ಮೇಲೆ ಕೂತುಬಿಟ್ಟರು.

ಸಮನ್ವಯಕರಿಗೆ ಸಹಿ ಇಲ್ಲದ ಕಾಗದವನ್ನೇ ಹಿಂದಿರುಗಿಸಿ, ಕಿವಿಯ ತಪಾಸಣೆಯ ಫಲ ಬರುವವರೆಗೆ ಯಾವ ಪ್ರಕಾರವನ್ನೂ ಆರಿಸಬಾರದು ಎಂದು ಬರೆದುಕೊಟ್ಟೆ. ಆಯ್ಕೆ ಮಾಡದ ಸಾಲನ್ನು ಕಂಪ್ಯೂಟರು ಒಪ್ಪುವುದಿಲ್ಲ ಎಂದು ಅವರು ಹೇಳಿದರು. ಹಾಗಾದರೆ ಈ ಹೆಸರನ್ನು ಈ ಸಲದ ಮಾಹಿತಿಯಿಂದಲೇ ಬಿಡಿ ಎಂದೆ. ಶಿಬಿರದಲ್ಲಿ ತೋರಿಸಿದ ಲೆಕ್ಕಕ್ಕೆ ಒಂದು ಹೆಸರು ಕಡಿಮೆ ಬೀಳುತ್ತದೆ, ಅದಕ್ಕೆ ಮೇಲಿನವರಿಗೆ ಉತ್ತರ ಕೊಡಬೇಕಾಗುತ್ತದೆ. ಕೊನೆಗೆ, ಜವಾಬ್ದಾರಿ ನಿಮ್ಮದು ಎಂದು ನನ್ನಿಂದ ಬರೆಸಿಕೊಂಡು ಆ ಹೆಸರನ್ನು ತೆಗೆದರು. ನನ್ನದು ಧೈರ್ಯವೇನೂ ಆಗಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತು ಎಂದು ಬರೆಯಲು ಕೈ ಬರಲಿಲ್ಲ, ಅಷ್ಟೇ.

ಸರಕಾರಿ ಆಸ್ಪತ್ರೆಯ ಕಿವಿ ವಿಭಾಗದಲ್ಲಿ ಡಾಕ್ಟರು ಮೊದಲು ಬೆಳಕಿನ ನಳಿಗೆ ಹಿಡಿದು ನೋಡಿದರು. ಎರಡೂ ಕಿವಿಯ ಪರದೆಯಲ್ಲಿ ತೂತು. ಒಂದರಲ್ಲಿ ಇನ್ನೂ ಕೀವು. ಎಣ್ಣೆ ಬಿಡುವುದನ್ನು ನಿಲ್ಲಿಸಬೇಕು, ಕಿವಿಗೆ ನೀರು ತಾಗಬಾರದು, ಹನಿ ಔಷಧ ಹಾಕಿ ಒಣಗಿಸಬೇಕು ಎಂದರು. ಒಣಗಿದ ಮೇಲೆ ಗಾಜಿನ ಕೋಣೆಯಲ್ಲಿ ಕೂರಿಸಿ, ಶ್ರವಣ ತಜ್ಞೆ ಒಂದೊಂದೇ ಸದ್ದು ಕೊಟ್ಟು ನಕ್ಷೆ ತೆಗೆದರು. ಎದುರು ಕೂತು ಮಾತಾಡಿದರೆ, ತುಟಿಯ ಸಹಾಯದಿಂದ, ಬಹುಪಾಲು ತಿಳಿಯುತ್ತದೆ. ಕೊನೆಯ ಸಾಲಿನಲ್ಲಿ, ಪಂಖಾದ ಕೆಳಗೆ, ಬೆನ್ನು ತಿರುಗಿಸಿ ಹಲಗೆಗೆ ಹೇಳಿದ ಮಾತು ಅವಳವರೆಗೆ ತಲುಪುವುದೇ ಇಲ್ಲ. ಮುಂದೆ ಪರದೆಗೆ ಶಸ್ತ್ರಚಿಕಿತ್ಸೆ ಮಾಡಬಹುದು. ಅಲ್ಲಿಯವರೆಗೆ ಶ್ರವಣಯಂತ್ರ.

ಆದರೆ ಅವಳ ಕೇಳದಿರುವಿಕೆ ಅಕ್ಷಮತೆಯ ಪ್ರಮಾಣಪತ್ರಕ್ಕೆ ಬೇಕಾದ ಮಿತಿಯನ್ನು ಮುಟ್ಟಲಿಲ್ಲ. ಎಂದರೆ ಯಾವ ಸವಲತ್ತೂ ಇಲ್ಲ, ನಮ್ಮ ಯಾದಿಯಲ್ಲಿ ಅವಳಿಗೆ ಜಾಗವೂ ಇಲ್ಲ. ಇದನ್ನು ಹೇಳಿದಾಗ ವರ್ಗಶಿಕ್ಷಕಿ, ಹಾಗಾದರೆ ನೀವು ಇನ್ನು ಇವಳಿಗಾಗಿ ಬರುವುದಿಲ್ಲವೇ ಎಂದು ಕೇಳಿದರು. ಬರುತ್ತೇನೆ ಎಂದೆ. ನಿಯಮದಲ್ಲಿ ಅದಕ್ಕೆ ಹೆಸರಿಲ್ಲ, ಆದರೆ ಬೇರೆ ಮಕ್ಕಳಿಗಾಗಿ ಹೇಗೂ ಹೋಗುತ್ತಿದ್ದೆ. ಶಿಕ್ಷಕಿ ಅವಳನ್ನು ಮೊದಲ ಸಾಲಿಗೆ ತಂದರು. ಪಾಠ ಹೇಳುವಾಗ ಹಲಗೆಗೆ ಬೆನ್ನು ಕೊಟ್ಟು ನಿಲ್ಲುವುದನ್ನು ರೂಢಿ ಮಾಡಿಕೊಂಡರು. ಅದು ಸುಲಭವಲ್ಲ, ವರ್ಷಗಟ್ಟಲೆ ಬರೆಯುತ್ತಲೇ ಹೇಳಿದವರಿಗೆ. ಮರಾಠಿ ಅವಳಿಗೆ ಇನ್ನೂ ಕಷ್ಟವೇ ಇತ್ತು. ಕೇಳದ ಭಾಷೆಯನ್ನು ಕಲಿಯುವುದು ಹೇಗೆ? ಚಿತ್ರ, ಹಾವಭಾವ, ಶಿಕ್ಷಕಿಗೆಂದು ನಾನು ಮರಾಠಿ ಲಿಪಿಯಲ್ಲಿ ಬರೆದುಕೊಟ್ಟ ಒಂದಿಷ್ಟು ಕನ್ನಡ ಪದ, ಹೀಗೆ ತಳದಿಂದ ಶುರು ಮಾಡಿದೆವು. ನನ್ನ ಖುಲಾಸೆ ಫೈಲಿನಲ್ಲೇ ಉಳಿಯಿತು. ಮುಂದಿನ ವರ್ಷದ ಆದೇಶ ಉಳಿದವರಿಗಿಂತ ತಡವಾಗಿ ಬಂತು, ಆದರೆ ಬಂತು.

ಮನೆಯವರೇ ದುಡ್ಡು ಹೊಂದಿಸಿ ಕೊಂಡ ಶ್ರವಣಯಂತ್ರ ಕೂರಿಸುವ ದಿನ ತಂದೆಯೂ ಬಂದಿದ್ದ. ನಾನು ಅವನನ್ನು ನೋಡಿದ್ದು ಅದೇ ಮೊದಲು. ದಪ್ಪ ದನಿಯ, ಎತ್ತರದ ಮನುಷ್ಯ. ಆಸ್ಪತ್ರೆಯ ಪಡಸಾಲೆಯಲ್ಲಿ ಏನು ಮಾಡಬೇಕೋ ತಿಳಿಯದೆ ಗೋಡೆಗೆ ಒರಗಿ ನಿಂತಿದ್ದ. ಹೆಂಡತಿ ಮಗಳು ಒಳಗೆ ಹೋದ ಮೇಲೆ ನನ್ನ ಹತ್ತಿರ ಬಂದ.

"ಅಕ್ಕಾರ, ಇಷ್ಟ ದಿನಾ ನಾ ಕರದಾಗೆಲ್ಲ ಇಕಿಗೆ ಕೇಳಸ್ತಿದ್ದಿಲ್ಲೇನ್ರಿ?"

"ಇಲ್ರಿ."

ಅವನು ತನ್ನ ಅಂಗೈಯನ್ನು ಒಮ್ಮೆ ನೋಡಿಕೊಂಡು ಜೇಬಿಗೆ ಹಾಕಿದ.

ಒಳಗೆ ಕರೆದರು. ಹುಡುಗಿ ನಮ್ಮ ಕಡೆ ಬೆನ್ನು ಮಾಡಿ ಕೂತು, ಮೇಜಿನ ಮೇಲಿನ ಬಣ್ಣದ ಮಣಿಗಳನ್ನು ದಾರಕ್ಕೆ ಪೋಣಿಸುತ್ತಿದ್ದಳು. ಕಿವಿಯ ಹಿಂದೆ ಯಂತ್ರ ಕೂತಿತ್ತು. ತಂದೆ ಕರೆಯಲಿ ಎಂದು ಶ್ರವಣ ತಜ್ಞೆ ಸನ್ನೆ ಮಾಡಿದರು. ಅವನು ರೂಢಿಯಂತೆ ಗಂಟಲೆತ್ತಿ ಹೆಸರು ಕೂಗಿದ. ಹುಡುಗಿ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಮುದುಡಿದಳು. ಸಣ್ಣಗೆ ಎಂದರು ತಜ್ಞೆ. ಅವನು ದನಿ ಇಳಿಸಿದ. ಅದೂ ಕೋಣೆ ತುಂಬುವಷ್ಟಿತ್ತು. ಇನ್ನೂ ಸಣ್ಣಗೆ ಎಂದರು.

ಅವನು ನನ್ನ ಕಡೆ ತಿರುಗಿದ. "ಸಣ್ಣ ದನೀಲೆ ಇಕಿ ಕೂಡ ಮಾತಾಡೂದ ಮರತೇ ಹೋಗೇತ್ರಿ," ಅಂದ.

ಹುಡುಗಿ ಕೈ ಇಳಿಸಿ ಮತ್ತೆ ಮಣಿ ಎತ್ತಿಕೊಂಡಿದ್ದಳು. ಆಮೇಲೆ ಅವನು, ಪಕ್ಕದಲ್ಲಿದ್ದ ನನಗೂ ಕಷ್ಟದಿಂದ ಕೇಳಿಸುವಷ್ಟು ಮೆಲ್ಲಗೆ, "ಹಸಿವ್ಯಾಗೇತೇನವ್ವಾ?" ಎಂದು ಕೇಳಿದ.

"ಹೂಂ," ಅಂದಳು ಹುಡುಗಿ. ತಿರುಗಿ ನೋಡಲಿಲ್ಲ. ಮುಂದಿನ ಮಣಿಯನ್ನು ದಾರಕ್ಕೆ ಪೋಣಿಸಿದಳು.